ಜಗತ್ತಿನ ಜನಸಂಖ್ಯೆ 700 ಕೋಟಿಗೇ ನಿಲ್ಲಬೇಕಿದ್ದರೆ ಇತಿಹಾಸ ಎಲ್ಲಿ ತಿರುಗಬೇಕಿತ್ತು?

ಪ್ರಶ್ನೆ: ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ. ಅದರ ಜಗತ್ತಿನಲ್ಲಿ ಜನಸಂಖ್ಯೆ ನಮ್ಮಲ್ಲಿಯಷ್ಟು ಏರದೆ, 600–700 ಕೋಟಿಯ ಆಸುಪಾಸಿನಲ್ಲಿ ತುದಿ ಮುಟ್ಟಿ ಇಳಿಯಬೇಕು. ಇದಕ್ಕಾಗಿ ಎರಡನೇ ಮಹಾಯುದ್ಧವನ್ನು ಇನ್ನಷ್ಟು ಭೀಕರ ಮಾಡಲೇ? 1918ರ ಫ್ಲೂ ಮತ್ತೆ ಬರುವಂತೆ ಮಾಡಲೇ? ಅಥವಾ ರಾಸಾಯನಿಕ ಗೊಬ್ಬರವೇ ಹುಟ್ಟಲಿಲ್ಲ ಎನ್ನಲೇ? ಇತಿಹಾಸದಲ್ಲಿ ಏನು ಬದಲಾದರೆ ಇದು ನಂಬುವಂತಾಗುತ್ತದೆ?

ಉತ್ತರ: ನೀವು ಹೇಳಿದ ಮೂರು ದಾರಿಗಳೂ ಜನರನ್ನು ಸಾಯಿಸುವ ದಾರಿಗಳು. ಈ ಪ್ರಶ್ನೆ ಕೇಳುವವರೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ ಶುರು ಮಾಡುತ್ತಾರೆ. ಜನ ಕಡಿಮೆ ಇರಬೇಕಾದರೆ ಜನ ಹೆಚ್ಚು ಸತ್ತಿರಬೇಕು ಎಂಬುದು ಸಹಜವಾದ ಊಹೆ. ಆದರೆ ಲೆಕ್ಕ ಹಾಕಿದರೆ ಆ ಊಹೆ ನಿಲ್ಲುವುದಿಲ್ಲ.

ಮೊದಲು ನಮ್ಮ ಜಗತ್ತಿನ ಲೆಕ್ಕ. ಸುಮಾರು 1804ರಲ್ಲಿ ನಾವು 100 ಕೋಟಿ ಇದ್ದೆವು. 1927ರ ಹೊತ್ತಿಗೆ 200 ಕೋಟಿ, 1960ಕ್ಕೆ 300, 1974ಕ್ಕೆ 400, 1987ಕ್ಕೆ 500. ಆಮೇಲೆ ಹನ್ನೆರಡು ವರ್ಷಕ್ಕೆ ಒಂದರಂತೆ ನೂರು ಕೋಟಿ ಸೇರುತ್ತ 2022ರ ನವೆಂಬರ್‌ನಲ್ಲಿ 800 ಕೋಟಿ ಮುಟ್ಟಿದೆವು. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ 2080ರ ದಶಕದ ನಡುವೆ ಸುಮಾರು 1,030 ಕೋಟಿಗೆ ಏರಿ, ಅಲ್ಲಿಂದ ಮೆಲ್ಲಗೆ ಇಳಿಯುತ್ತೇವೆ. ಅಂದರೆ ನಿಮ್ಮ ಕಾದಂಬರಿಗೆ ಈ ಶಿಖರದಿಂದ ಮೂರನೇ ಒಂದು ಭಾಗ ಕಡಿಮೆಯಾಗಬೇಕು. 300 ಕೋಟಿಗೂ ಹೆಚ್ಚು ಜನ.

ಎರಡನೇ ಮಹಾಯುದ್ಧದಲ್ಲಿ ಸತ್ತವರು 7ರಿಂದ 8.5 ಕೋಟಿ ಎಂದು ಅಂದಾಜು. ಮನುಷ್ಯ ಮನುಷ್ಯನ ಮೇಲೆ ಎಸಗಿದ ಅತಿ ದೊಡ್ಡ ಹತ್ಯೆ ಅದು. ಆದರೆ 1980ರ ದಶಕದ ಕೊನೆಯಲ್ಲಿ ಜಗತ್ತಿಗೆ ಪ್ರತಿ ವರ್ಷ ಹೊಸದಾಗಿ ಸೇರುತ್ತಿದ್ದವರೇ ಸುಮಾರು 9 ಕೋಟಿ. ಆರು ವರ್ಷಗಳ ಸಂಹಾರ ಒಂದು ವರ್ಷದ ಹೆಚ್ಚಳಕ್ಕೂ ಸಮವಾಗಲಿಲ್ಲ. ಯುದ್ಧವನ್ನು ಎರಡು ಪಟ್ಟು ಭೀಕರ ಮಾಡಿದರೂ ನಿಮ್ಮ ಶಿಖರ ಕೆಲವು ವರ್ಷ ತಡವಾಗಿ ಬರುತ್ತದೆ, ಅಷ್ಟೇ. 1918ರ ಫ್ಲೂ 5 ಕೋಟಿಯಷ್ಟು ಜನರನ್ನು ಒಯ್ದಿತೆಂಬ ಅಂದಾಜಿದೆ. 1927ರ 200 ಕೋಟಿಯನ್ನು ಅದು ತಡೆಯಲಿಲ್ಲ. ಏಡ್ಸ್‌ನಿಂದ ಈವರೆಗೆ 4 ಕೋಟಿಗೂ ಹೆಚ್ಚು ಜನ ಸತ್ತಿದ್ದಾರೆ. ಅತಿ ಹೆಚ್ಚು ಪೆಟ್ಟು ತಿಂದದ್ದು ಸಹಾರಾದ ದಕ್ಷಿಣದ ಆಫ್ರಿಕಾ. 1990ರಲ್ಲಿ ಸುಮಾರು 50 ಕೋಟಿ ಇದ್ದ ಅಲ್ಲಿನ ಜನಸಂಖ್ಯೆ 2020ರ ಹೊತ್ತಿಗೆ 110 ಕೋಟಿ ದಾಟಿತ್ತು.

ಇದಕ್ಕಿಂತ ಮನಸ್ಸು ಕಲಕುವ ಉದಾಹರಣೆ ಚೀನಾದ 1959–61ರ ಕ್ಷಾಮ. ಸತ್ತವರ ಲೆಕ್ಕ ಕನಿಷ್ಠ ಒಂದೂವರೆ ಕೋಟಿ. 3 ಕೋಟಿ ಎನ್ನುವವರೇ ಹೆಚ್ಚು. ಹಸಿದ ಹೆಂಗಸರು ಬಸಿರಾಗಲಿಲ್ಲ, 1961ರಲ್ಲಿ ಹುಟ್ಟಿದ ಮಕ್ಕಳು 1.2 ಕೋಟಿಯಷ್ಟೇ. ಊಟ ಸಿಕ್ಕ ಕೂಡಲೇ ಮುಂದೂಡಿದ ಮದುವೆಗಳೂ ಬಸಿರುಗಳೂ ಒಟ್ಟಿಗೆ ಬಂದವು. 1963ರಲ್ಲಿ ಹುಟ್ಟಿದವರು ಸುಮಾರು 3 ಕೋಟಿ. ಮಕ್ಕಳನ್ನು ಕಳೆದುಕೊಂಡ ಮನೆ ಮತ್ತೆ ಮಕ್ಕಳನ್ನು ಬಯಸುತ್ತದೆ. ದುರಂತವನ್ನೇ ನೆಚ್ಚಿದ ಪ್ರತಿಯೊಂದು ಪರ್ಯಾಯ ಇತಿಹಾಸವೂ ಎಡವುವುದು ಈ ಕಲ್ಲಿಗೆ.

ಒಂದು ಅಪವಾದ ಹೇಳಲೇಬೇಕು. 1347ರಿಂದ ನಾಲ್ಕೈದು ವರ್ಷಗಳಲ್ಲಿ ಪ್ಲೇಗು ಯುರೋಪಿನ ಮೂರನೇ ಒಂದರಿಂದ ಅರ್ಧದಷ್ಟು ಜನರನ್ನು ಕೊಂದಿತು, ಇಂಗ್ಲೆಂಡ್ ಹಿಂದಿನ ಮಟ್ಟಕ್ಕೆ ಮರಳಲು 17ನೇ ಶತಮಾನ ಬರಬೇಕಾಯಿತು. ಕಾರಣ ಮೊದಲ ಹೊಡೆತದ ತೀವ್ರತೆಯೊಂದೇ ಅಲ್ಲ. ಪ್ಲೇಗು ಪ್ರತಿ ತಲೆಮಾರಿಗೂ ಮರಳಿ ಬಂದು, ತುಂಬಿಕೊಳ್ಳುತ್ತಿದ್ದ ಜಾಗವನ್ನು ಮತ್ತೆ ಮತ್ತೆ ಖಾಲಿ ಮಾಡಿತು. ಹಾಗಾಗಿ ಮಹಾಮಾರಿಯೇ ಬೇಕೆಂದು ನೀವು ಹಟ ಹಿಡಿದರೆ ಅದು ಒಮ್ಮೆ ಬಂದು ಹೋಗುವಂತಿರಬಾರದು, ಇನ್ನೂರು ವರ್ಷ ಮನೆಬಾಗಿಲಲ್ಲೇ ಇರಬೇಕು. ಅಂಥ ಜಗತ್ತಿನಲ್ಲಿ ನಿಮ್ಮ ಕಾದಂಬರಿಯ ಉಳಿದ ಯಾವುದೂ ಉಳಿಯುವುದಿಲ್ಲ. ಕ್ಯೂಬಾದಲ್ಲಿಟ್ಟ ಕ್ಷಿಪಣಿಗಳಿಗಾಗಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎದುರುಬದುರಾದ 1962ರ ಬಿಕ್ಕಟ್ಟು ಪರಮಾಣು ಯುದ್ಧವಾಗಿದ್ದರೆ ಎಂಬ ಕಲ್ಪನೆಗೂ ಇದೇ ತೊಡಕು. ಜನಸಂಖ್ಯೆ ಖಂಡಿತ ಕಡಿಮೆಯಾಗುತ್ತದೆ, ಆದರೆ ಆಮೇಲೆ ನಿಮ್ಮ ಕೈಯಲ್ಲಿ ಉಳಿಯುವುದು ಬೇರೆಯದೇ ಕತೆ.

ಗೊಬ್ಬರದ ವಿಚಾರ ಇನ್ನೂ ಗಂಭೀರವಾದದ್ದು. 1898ರಲ್ಲಿ ವಿಲಿಯಂ ಕ್ರೂಕ್ಸ್ ಎಂಬ ಬ್ರಿಟಿಷ್ ವಿಜ್ಞಾನಿ, ಗೊಬ್ಬರಕ್ಕಾಗಿ ಚಿಲಿಯಲ್ಲಿ ಅಗೆದು ತೆಗೆಯುತ್ತಿದ್ದ ನೈಟ್ರೇಟ್ ಮುಗಿದರೆ ಗೋಧಿ ತಿನ್ನುವ ಜಗತ್ತು ಹಸಿಯುತ್ತದೆ ಎಂದು ಎಚ್ಚರಿಸಿದ್ದರು. 1909ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಫ್ರಿಟ್ಸ್ ಹಾಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿ 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಉತ್ಪಾದನೆ ಶುರುವಾಯಿತು. ಇಂದು ಮನುಕುಲದ ಹೆಚ್ಚುಕಡಿಮೆ ಅರ್ಧ ಭಾಗದ ಊಟ ಈ ಸಾರಜನಕದ ಮೇಲೆ ನಿಂತಿದೆ. ಹಾಗೆಂದು ಇದೊಂದನ್ನು ಅಳಿಸಿದರೆ ಜನ ಅರ್ಧವಾಗುತ್ತಾರೆ ಎನ್ನಲಾಗದು. ನಾರ್ವೆಯಲ್ಲಿ ಆಗಲೇ ವಿದ್ಯುತ್ ಕಿಡಿಯಿಂದ ನೈಟ್ರೇಟ್ ಮಾಡುವ ವಿಧಾನವಿತ್ತು, ಸೈನಮೈಡ್ ಗೊಬ್ಬರದ ವಿಧಾನವೂ ಬಂದಿತ್ತು. ಹಾಬರ್ ಇಲ್ಲದಿದ್ದರೆ ಇನ್ನೊಬ್ಬರು, ಕೆಲವು ವರ್ಷ ತಡವಾಗಿ. ಅದೂ ಆಗದಿದ್ದರೆ ಜಗತ್ತು ಮಾಂಸ ಕಡಿಮೆ, ಬೇಳೆಕಾಳು ಹೆಚ್ಚು ತಿನ್ನುತ್ತಿತ್ತು. ಇಷ್ಟರ ಮೇಲೂ ಉಳಿಯುವ ಕೊರತೆಯ ಹೆಸರು ಹಸಿವು. ಹಸಿವಿನಿಂದ ಮಕ್ಕಳು ಸಾಯುವ ಕಡೆ ತಾಯಂದಿರು ಆರೇಳು ಹೆರುವುದನ್ನು ಬಿಡುವುದಿಲ್ಲ.

ಔಷಧಿಯನ್ನು ಅಳಿಸುವವರಿಗೂ ನನ್ನ ಉತ್ತರ ಇದೇ. ಲಸಿಕೆ, ಪೆನಿಸಿಲಿನ್, ಡಿಡಿಟಿ ಇಲ್ಲದ ಜಗತ್ತು ಇಂದಿನ ದಿನಾಂಕಕ್ಕೆ ಚಿಕ್ಕದಾಗಿರುತ್ತದೆ ನಿಜ. ಆದರೆ ನೀವು ಕೇಳಿದ್ದು ಶಿಖರವನ್ನು. ಜನನ ಇಳಿಯಲು ಶುರುವಾದ ಮೇಲೆ ಮಾತ್ರ ಶಿಖರ ಎಂಬುದೊಂದು ಕಾಣಿಸುತ್ತದೆ. ಮಕ್ಕಳು ಸಾಯುತ್ತಲೇ ಇರುವ ಜಗತ್ತು ಶಿಖರ ಮುಟ್ಟುವುದಿಲ್ಲ, ಮುಂದಿನ ಶತಮಾನಗಳಿಗೆ ಅದನ್ನು ದೂಡುತ್ತದೆ.

ಹಾಗಾದರೆ ಶಿಖರದ ಎತ್ತರವನ್ನು ತೀರ್ಮಾನಿಸುವುದು ಯಾವುದು? ಒಂದೇ ಒಂದು ಅಂತರ. ಸಾವು ಇಳಿಯಲು ಶುರುವಾದ ದಿನಕ್ಕೂ ಹೆರಿಗೆ ಇಳಿಯಲು ಶುರುವಾದ ದಿನಕ್ಕೂ ನಡುವಿನ ಅಂತರ. ಸ್ವೀಡನ್‌ನಲ್ಲಿ 19ನೇ ಶತಮಾನದ ಆರಂಭದಲ್ಲಿ ವರ್ಷಕ್ಕೆ ಸಾವಿರ ಜನರಿಗೆ 25ರಷ್ಟಿದ್ದ ಸಾವು 15ಕ್ಕೆ ಬರಲು ನೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಹೆರಿಗೆಯೂ ಇಳಿಯಲು ಕಾಲ ಸಿಕ್ಕಿತು. ಸಿಲೋನಿನಲ್ಲಿ, ಈಗಿನ ಶ್ರೀಲಂಕಾದಲ್ಲಿ, 1946ರಲ್ಲಿ 20 ಇದ್ದ ಮರಣ ಪ್ರಮಾಣ 1947ರಲ್ಲಿ 14ಕ್ಕೆ ಬಿತ್ತು. ಒಂದೇ ವರ್ಷದಲ್ಲಿ. ಮಲೇರಿಯಾದ ವಿರುದ್ಧದ ಡಿಡಿಟಿ ಸಿಂಪಡಣೆಗೆ ಅದರಲ್ಲಿ ದೊಡ್ಡ ಪಾಲಿತ್ತು. ಬದುಕಿದ ಪ್ರತಿಯೊಂದು ಮಗುವೂ ಮನೆಯ ಸಂತೋಷ, ಅದನ್ನು ಯಾರೂ ಹಿಂದಕ್ಕೆ ಕೇಳಬಾರದು. ಆದರೆ ಎಷ್ಟು ಮಕ್ಕಳು ಬೇಕೆಂಬ ಮನೆಯ ಲೆಕ್ಕ ಒಂದು ವರ್ಷದಲ್ಲಿ ಬದಲಾಗುವುದಿಲ್ಲ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಲ್ಲಿ 1950ರಿಂದ ನಡೆದದ್ದು ಇದೇ. ಸಾವು ಮೊದಲು ಇಳಿಯಿತು, ಹೆರಿಗೆ ಇಪ್ಪತ್ತು, ಮೂವತ್ತು, ಕೆಲವೆಡೆ ಐವತ್ತು ವರ್ಷ ತಡೆದು ಇಳಿಯಿತು. ಇಳಿದ ಮೇಲೂ ಏರಿಕೆ ನಿಲ್ಲದು, ಏಕೆಂದರೆ ಮುಂದೆ ತಾಯಂದಿರಾಗಬೇಕಾದ ಹುಡುಗಿಯರೆಲ್ಲ ಆಗಲೇ ಹುಟ್ಟಿಬಿಟ್ಟಿರುತ್ತಾರೆ. ಮಳೆ ನಿಂತರೂ ಮರದ ಹನಿ ನಿಲ್ಲದು.

ಇದನ್ನು ಅಂಕಿಗೆ ಇಳಿಸೋಣ. 1960ರ ದಶಕದಲ್ಲಿ ಜಗತ್ತು ವರ್ಷಕ್ಕೆ ಸುಮಾರು ಶೇ 2ರಂತೆ ಬೆಳೆಯುತ್ತಿತ್ತು. ಈ ವೇಗದಲ್ಲಿ ಇಪ್ಪತ್ತು ವರ್ಷ ಎಂದರೆ ಒಂದೂವರೆ ಪಟ್ಟು. 1960ರ ದಶಕದ ನಡುವೆ ಶುರುವಾದ ಜಾಗತಿಕ ಜನನ ಇಳಿಕೆ 1940ರ ದಶಕದಲ್ಲೇ, ಅಂದರೆ ಔಷಧಿಯ ಜೊತೆಜೊತೆಗೇ ಶುರುವಾಗಿದ್ದರೆ ಆ ಒಂದೂವರೆ ಪಟ್ಟು ಲೆಕ್ಕದಿಂದ ಹೊರಬೀಳುತ್ತದೆ. 1,030 ಕೋಟಿಯನ್ನು ಒಂದೂವರೆಯಿಂದ ಭಾಗಿಸಿ. 700 ಕೋಟಿಗೆ ಸ್ವಲ್ಪ ಕಡಿಮೆ ಬರುತ್ತದೆ. ಇದು ಒರಟು ಲೆಕ್ಕ ನಿಜ, ಆದರೆ ದಿಕ್ಕು ಸರಿಯಾಗಿದೆ. ಒಬ್ಬರನ್ನೂ ಹೆಚ್ಚಿಗೆ ಸಾಯಿಸದೆ ನೀವು ಕೇಳಿದ ಜಗತ್ತು ಸಿಕ್ಕಿತು.

ಈಗ ಉಳಿಯುವ ಪ್ರಶ್ನೆ, ಆ ಇಪ್ಪತ್ತು ವರ್ಷವನ್ನು ಇತಿಹಾಸದಲ್ಲಿ ಎಲ್ಲಿ ಹುಡುಕುವುದು?

ತೀರಾ ಹಿಂದಕ್ಕೆ ಹೋಗುವ ಮನಸ್ಸಿದ್ದರೆ ಫ್ರಾನ್ಸ್ ಇದೆ. ಅಲ್ಲಿ 18ನೇ ಶತಮಾನದ ಕೊನೆಗೇ ಹಳ್ಳಿಯ ದಂಪತಿಗಳು ಮಕ್ಕಳ ಸಂಖ್ಯೆಯನ್ನು ಮಿತಿಗೊಳಿಸತೊಡಗಿದ್ದರು. ಮಾತ್ರೆಯಿಲ್ಲ, ರಬ್ಬರ್ ಇಲ್ಲ, ಗಂಡಹೆಂಡಿರ ನಡುವಿನ ಸಂಯಮ ಮಾತ್ರ. ಏಕೆಂಬುದಕ್ಕೆ ವಿದ್ವಾಂಸರಲ್ಲಿ ಇನ್ನೂ ವಾದವಿದೆ: ಚರ್ಚಿನ ಹಿಡಿತ ಸಡಿಲವಾದದ್ದು, ಸಣ್ಣ ರೈತರ ಕೈಗೆ ಜಮೀನು ಬಂದದ್ದು, ಆಸ್ತಿಯನ್ನು ಮಕ್ಕಳಿಗೆ ಸಮನಾಗಿ ಹಂಚಬೇಕೆಂಬ ಕ್ರಾಂತಿಯ ಕಾಲದ ಕಾನೂನು. 1800ರ ಸುಮಾರಿಗೆ 2.9 ಕೋಟಿ ಇದ್ದ ಫ್ರಾನ್ಸ್ 1911ರಲ್ಲಿ 4 ಕೋಟಿಯೂ ಆಗಿರಲಿಲ್ಲ. ಅದೇ ಅವಧಿಯಲ್ಲಿ ಗ್ರೇಟ್ ಬ್ರಿಟನ್ 1.05 ಕೋಟಿಯಿಂದ 4 ಕೋಟಿ ದಾಟಿತು, ಹಡಗು ಹತ್ತಿ ಹೋದ ಲಕ್ಷಾಂತರ ಜನರನ್ನು ಬಿಟ್ಟು. ಬ್ರಿಟನ್ನೂ ಜರ್ಮನಿಯೂ ಫ್ರಾನ್ಸಿನ ದಾರಿ ಹಿಡಿದಿದ್ದರೆ ಯುರೋಪು ಮಾತ್ರವಲ್ಲ, ಅಲ್ಲಿಂದ ಜನ ಹೋಗಿ ನೆಲೆಸಿದ ಅಮೆರಿಕ, ಆಸ್ಟ್ರೇಲಿಯಾಗಳೂ ಇಂದು ಚಿಕ್ಕವಾಗಿರುತ್ತಿದ್ದವು. ಆದರೂ ಇಷ್ಟು ಹಿಂದೆ ಕೈ ಹಾಕಿದರೆ ಮುಂದಿನ ಎಲ್ಲ ರಾಜಕೀಯವೂ ಬೇರೆಯಾಗುತ್ತದೆ. ಅದನ್ನು ನಿಭಾಯಿಸುವ ಧೈರ್ಯವಿದ್ದರೆ ಮಾತ್ರ ಆರಿಸಿಕೊಳ್ಳಿ.

ನನಗೆ ಇದಕ್ಕಿಂತ ಹಿಡಿಸುವುದು 1870ರ ದಶಕ. 1873ರಲ್ಲಿ ಅಮೆರಿಕದ ಕಾಮ್‌ಸ್ಟಾಕ್ ಕಾಯ್ದೆ ಗರ್ಭನಿರೋಧದ ಸಾಧನವನ್ನೂ ಮಾಹಿತಿಯನ್ನೂ ಅಂಚೆಯಲ್ಲಿ ಕಳಿಸುವುದನ್ನು ಅಪರಾಧವೆಂದಿತು. 1877ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ರ್ಯಾಡ್ಲಾ ಮತ್ತು ಆನಿ ಬೆಸೆಂಟ್ ಅಂಥದೇ ಮಾಹಿತಿಯ ಒಂದು ಕಿರುಹೊತ್ತಗೆ ಪ್ರಕಟಿಸಿ ಕಟಕಟೆ ಹತ್ತಿದರು. ವಿಚಾರಣೆಯ ಸುದ್ದಿಯಿಂದಲೇ ಆ ಹೊತ್ತಗೆ ಲಕ್ಷಗಟ್ಟಲೆ ಮಾರಾಟವಾಯಿತು. ಇಂಗ್ಲೆಂಡಿನ ಜನನ ಇಳಿಕೆ ಶುರುವಾಗುವುದೂ ಅದೇ ಹೊತ್ತಿಗೆ. ಈ ಕಾನೂನುಗಳು ಇರಲಿಲ್ಲವೆಂದು ಊಹಿಸಿ. ಕುಟುಂಬ ಯೋಜನೆ ನಾಚಿಕೆಯ ಗುಟ್ಟಾಗದೆ ವೈದ್ಯಶಾಸ್ತ್ರದ ಮರ್ಯಾದಸ್ತ ಭಾಗವಾಗಿರುತ್ತಿತ್ತು. ಆಗ ಸಿಡುಬಿನ ಲಸಿಕೆ ಹಿಡಿದು ಹಳ್ಳಿಗೆ ಹೋದ ವೈದ್ಯರ ಚೀಲದಲ್ಲೇ ಅದೂ ಇರುತ್ತಿತ್ತು. ನಮ್ಮ ಇತಿಹಾಸದಲ್ಲಿ ಚೀಲದ ಒಂದು ಅರ್ಧ ಮೊದಲು ಹೋಯಿತು, ಇನ್ನೊಂದು ಅರ್ಧ ಎರಡು ತಲೆಮಾರು ತಡವಾಗಿ ಹೋಯಿತು. ಗರ್ಭನಿರೋಧಕ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೇ 1960ರಲ್ಲಿ.

ಒಂದೇ ದೇಶ, ಒಂದೇ ತೀರ್ಮಾನ ಸಾಕು ಎನ್ನುವುದಾದರೆ ಚೀನಾಕ್ಕೆ ಬನ್ನಿ. ಪೀಕಿಂಗ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಅರ್ಥಶಾಸ್ತ್ರಜ್ಞ ಮಾ ಯಿನ್‌ಚು 1957ರಲ್ಲಿ ರಾಷ್ಟ್ರೀಯ ಜನಪ್ರತಿನಿಧಿ ಸಭೆಯ ಮುಂದೆ ಒಂದು ಮಾತು ಇಟ್ಟರು: ಜನ ಹೀಗೆ ಬೆಳೆದರೆ ಬಂಡವಾಳ ಕೂಡಿಡಲಾಗದು, ಮದುವೆ ತಡವಾಗಲಿ, ಗರ್ಭನಿರೋಧದ ತಿಳಿವಳಿಕೆ ಹರಡಲಿ. ಅವರನ್ನು ಮಾಲ್ಥಸ್‌ವಾದಿ, ಅಂದರೆ ಜನ ಹೆಚ್ಚಿದರೆ ಅನ್ನ ಸಾಲದೆಂದ ಇಂಗ್ಲಿಷ್ ಚಿಂತಕ ಮಾಲ್ಥಸ್‌ನ ಹಿಂಬಾಲಕ, ಎಂದು ಜರೆದರು. 1960ರಲ್ಲಿ ಹುದ್ದೆಯೂ ಹೋಯಿತು. ಹೆಚ್ಚು ಜನ ಎಂದರೆ ಹೆಚ್ಚು ಶಕ್ತಿ ಎಂಬುದು ಆಗಿನ ನಾಯಕತ್ವದ ನಂಬಿಕೆ. 1957ರ ಕೊನೆಗೆ ಸುಮಾರು 65 ಕೋಟಿ ಇದ್ದ ಚೀನಾ ಮಹಾಕ್ಷಾಮದ ನಡುವೆಯೂ 1970ಕ್ಕೆ 83 ಕೋಟಿಯಾಯಿತು. ಆಮೇಲೆ ಸರ್ಕಾರ ಅವರ ಮಾತಿಗೇ ಬಂದಿತು. 'ತಡವಾಗಿ, ಅಂತರವಿಟ್ಟು, ಕಡಿಮೆ' ಎಂಬ 1970ರ ದಶಕದ ಆಂದೋಲನದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಆರರ ಹತ್ತಿರವಿದ್ದ ಮಕ್ಕಳು ಮೂರಕ್ಕಿಂತ ಕೆಳಗೆ ಬಂದರು. ಇಲ್ಲಿ ಗಮನಿಸಿ, ಚೀನಾದ ಜನನ ಇಳಿಕೆಯ ದೊಡ್ಡ ಭಾಗ ಒಂದೇ ಮಗುವಿನ ಕಟ್ಟಳೆ ಬರುವ ಮುನ್ನವೇ ಮುಗಿದಿತ್ತು. ಆ ಹದಿಮೂರು ವರ್ಷ ವ್ಯರ್ಥವಾಗದಿದ್ದರೆ 141 ಕೋಟಿ ಮುಟ್ಟಿದ ಚೀನಾ, ನನ್ನ ಅಂದಾಜಿನಲ್ಲಿ, 110 ಕೋಟಿಯ ಸುಮಾರಿಗೆ ನಿಲ್ಲುತ್ತಿತ್ತು. ಬಲವಂತದ ಗರ್ಭಪಾತಗಳ, ಮುಚ್ಚಿಟ್ಟ ಹೆಣ್ಣುಮಕ್ಕಳ ಆ ಮೂವತ್ತೈದು ವರ್ಷಗಳಿಗೆ ನೆಪವೇ ಇರುತ್ತಿರಲಿಲ್ಲ.

ಬಲವಂತದ ಮಾತು ಬಂದದ್ದರಿಂದ ಹೇಳುತ್ತೇನೆ, ಕಠಿಣ ಸರ್ವಾಧಿಕಾರಿಯೊಬ್ಬ ಬಂದು ಎಲ್ಲ ಸರಿಮಾಡಿದ ಎಂಬ ಕತೆ ದಯವಿಟ್ಟು ಬೇಡ. ಅದು ನೈತಿಕವಾಗಿ ತಪ್ಪು, ಲೆಕ್ಕದಲ್ಲೂ ತಪ್ಪು. ಭಾರತದಲ್ಲಿ ತುರ್ತುಪರಿಸ್ಥಿತಿಯ 1976–77ರಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಮರುವರ್ಷ ಆ ಸಂಖ್ಯೆ 10 ಲಕ್ಷಕ್ಕಿಂತ ಕೆಳಗೆ ಬಿತ್ತು. ಜನ ಆ ಕಾರ್ಯಕ್ರಮದ ಹೆಸರು ಕೇಳಿದರೇ ಬೆಚ್ಚುವಂತಾಯಿತು.

ಒತ್ತಾಯವಿಲ್ಲದೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸವೇ ಒಂದು ಪ್ರಯೋಗ ಮಾಡಿ ತೋರಿಸಿದೆ. 1961ರ ಪಾಕಿಸ್ತಾನದ ಜನಗಣತಿಯಲ್ಲಿ ಪೂರ್ವ ಭಾಗದಲ್ಲಿ 5.08 ಕೋಟಿ, ಪಶ್ಚಿಮದಲ್ಲಿ 4.29 ಕೋಟಿ ಜನ. ಪೂರ್ವವೇ ದೊಡ್ಡದು. 1971ರಲ್ಲಿ ಎರಡೂ ಬೇರೆಯಾದವು. ಬಾಂಗ್ಲಾದೇಶ ಆಗ ಕಡುಬಡ ದೇಶ, ಹುಡುಗಿಯರಿಗೆ ಎಳೆಯ ವಯಸ್ಸಿನಲ್ಲೇ ಮದುವೆ. ಆದರೂ ಅಲ್ಲಿ ಹಳ್ಳಿಯ ಹೆಣ್ಣುಮಕ್ಕಳನ್ನೇ ಆರೋಗ್ಯ ಕಾರ್ಯಕರ್ತೆಯರಾಗಿ ಮಾಡಿ ಮನೆಮನೆಗೆ ಕಳಿಸಿದರು. 1977ರಿಂದ ಮತ್ಲಬ್ ಎಂಬಲ್ಲಿ ಕೆಲವು ಹಳ್ಳಿಗಳಿಗೆ ಈ ಭೇಟಿ, ಉಳಿದವಕ್ಕೆ ಮಾಮೂಲಿ ಸೌಲಭ್ಯ ಎಂದು ವಿಂಗಡಿಸಿ ನೋಡಿದಾಗ ತಾಯಿಗೆ ಸುಮಾರು ಒಂದು ಮಗುವಿನಷ್ಟು ವ್ಯತ್ಯಾಸ ಕಂಡಿತು. ಇಂದು ಬಾಂಗ್ಲಾದೇಶದಲ್ಲಿ ಸುಮಾರು 17 ಕೋಟಿ ಜನ. ಪಾಕಿಸ್ತಾನದ 2023ರ ಜನಗಣತಿ ಹೇಳಿದ್ದು 24 ಕೋಟಿ. ಪಶ್ಚಿಮವೂ ಪೂರ್ವದಂತೆಯೇ ನಡೆದಿದ್ದರೆ ಆ 24 ಕೋಟಿಯ ಜಾಗದಲ್ಲಿ 14–15 ಕೋಟಿ ಇರುತ್ತಿದ್ದರು. ವಲಸೆ, ಯುದ್ಧ, ಚಂಡಮಾರುತಗಳ ಲೆಕ್ಕ ಸೇರಿಸಿದರೂ ಅಂತರದ ಮುಖ್ಯ ಕಾರಣ ಹೆರಿಗೆಯೇ.

ಇರಾನ್ ಇದಕ್ಕಿಂತ ವೇಗವಾಗಿ ನಡೆಯಿತು. ಕ್ರಾಂತಿಯ ನಂತರ ಕುಟುಂಬ ಯೋಜನೆಯನ್ನು ಕೈಬಿಟ್ಟರು, 1976ರಲ್ಲಿ 3.4 ಕೋಟಿ ಇದ್ದವರು 1986ಕ್ಕೆ 4.9 ಕೋಟಿ. ಗಾಬರಿಯಾದ ಸರ್ಕಾರ 1989ರಲ್ಲಿ ಕಾರ್ಯಕ್ರಮವನ್ನು ಮತ್ತೆ ತಂದಿತು. ಹಳ್ಳಿಯ ಆರೋಗ್ಯ ಕೇಂದ್ರಗಳೂ ಶಾಲೆಗೆ ಹೋದ ಹುಡುಗಿಯರೂ ಇದ್ದದ್ದರಿಂದ, ತಾಯಿಗೆ ಆರು ದಾಟಿದ್ದ ಸರಾಸರಿ ಇಪ್ಪತ್ತು ವರ್ಷದೊಳಗೆ ಎರಡಕ್ಕೆ ಬಂತು. ಆಫ್ರಿಕಾದಲ್ಲಿ ಇದರ ತದ್ವಿರುದ್ಧ. ಕೀನ್ಯಾದಲ್ಲಿ 1970ರ ದಶಕದ ಕೊನೆಗೆ ಎಂಟರಷ್ಟಿದ್ದ ಸರಾಸರಿ 1998ಕ್ಕೆ 4.7ಕ್ಕೆ ಇಳಿದು, 2003ರಲ್ಲಿ 4.9 ಎಂದು ನಿಂತುಬಿಟ್ಟಿತು. ವಿದೇಶಿ ಸಾಲ ತೀರಿಸಲಾಗದೆ ಬಡ ದೇಶಗಳು ತತ್ತರಿಸಿದ 1980ರ ದಶಕದಲ್ಲಿ ಹಲವು ಆಫ್ರಿಕನ್ ದೇಶಗಳಲ್ಲಿ ಹುಡುಗಿಯರ ಶಿಕ್ಷಣ ಕುಂಟಿತು, ಆ ಹುಡುಗಿಯರು ತಾಯಂದಿರಾಗುವ ಹೊತ್ತಿಗೆ ಜನನ ಇಳಿಕೆಯೂ ಕುಂಟಿತು. ಆ ಸಾಲಗಳನ್ನು ಮನ್ನಾ ಮಾಡಿ ಶಾಲೆಗಳನ್ನು ಉಳಿಸಿದ ಒಂದು 1980ರ ದಶಕವನ್ನು ಬರೆದರೆ, ಈ ಶತಮಾನದ ಶಿಖರವನ್ನು ಇಳಿಸುವ ದೊಡ್ಡ ಕೀಲಿ ನಿಮ್ಮ ಕೈಗೆ ಸಿಕ್ಕಂತೆ. ಮುಂದಿನ ಏರಿಕೆಯ ಬಹುಪಾಲು ಬರುವುದು ಅಲ್ಲಿಂದಲೇ.

ಕಾದಂಬರಿಕಾರರು ಮರೆಯುವ ಇನ್ನೊಂದು ಸಂಗತಿ ತಾಯಿಯ ವಯಸ್ಸು. ಎರಡು ಸಮಾಜಗಳಲ್ಲೂ ಒಬ್ಬ ತಾಯಿಗೆ ಬೆಳೆದು ದೊಡ್ಡವರಾಗುವ ಹೆಣ್ಣುಮಕ್ಕಳು ಸರಾಸರಿ ಒಂದೂವರೆ ಎಂದಿಟ್ಟುಕೊಳ್ಳಿ. ಒಂದರಲ್ಲಿ ಹೆರಿಗೆ ಇಪ್ಪತ್ತರ ಸುಮಾರಿಗೆ, ಇನ್ನೊಂದರಲ್ಲಿ ಮೂವತ್ತಕ್ಕೆ. 120 ವರ್ಷದಲ್ಲಿ ಮೊದಲನೆಯದರಲ್ಲಿ ಆರು ತಲೆಮಾರು, ಎರಡನೆಯದರಲ್ಲಿ ನಾಲ್ಕು. ಮೊದಲನೆಯದು ಹನ್ನೊಂದು ಪಟ್ಟು ಬೆಳೆದಿರುತ್ತದೆ, ಎರಡನೆಯದು ಐದು ಪಟ್ಟು. ಮಕ್ಕಳ ಸಂಖ್ಯೆ ಒಂದೂ ಕಡಿಮೆಯಾಗಿಲ್ಲ. ಇಟಲಿಯ ಟ್ರಿಯೆಸ್ಟ್‌ನಿಂದ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಎಳೆದ ಗೆರೆಯ ಪಶ್ಚಿಮಕ್ಕೆ ಹೆಣ್ಣುಮಕ್ಕಳು ಶತಮಾನಗಳಿಂದ ಇಪ್ಪತ್ನಾಲ್ಕು, ಇಪ್ಪತ್ತೈದರ ಸುಮಾರಿಗೆ ಮದುವೆಯಾಗುತ್ತಿದ್ದರು ಎಂದು ಜನಸಂಖ್ಯಾ ಅಧ್ಯಯನಕಾರ ಜಾನ್ ಹಜ್ನಲ್ 1965ರಲ್ಲಿ ತೋರಿಸಿದರು. ಆ ಪದ್ಧತಿ ಇನ್ನಷ್ಟು ಕಡೆ ಇದ್ದಿದ್ದರೆ ಎಂದು ಊಹಿಸಲು ಯಾವ ಆವಿಷ್ಕಾರವೂ ಬೇಕಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ 1870ರ ದಶಕದಲ್ಲಿ ಕಾನೂನನ್ನು ಸ್ವಲ್ಪ ಸಡಿಲಿಸಿ, 1957ರಲ್ಲಿ ಚೀನಾವನ್ನು ತಿರುಗಿಸಿ, 1980ರ ದಶಕದ ಶಾಲೆಗಳನ್ನು ಉಳಿಸುತ್ತಿದ್ದೆ. ಮೂರೂ ನಂಬಬಹುದಾದವು, ಮೂರಕ್ಕೂ ಆಗಲೇ ಹೋರಾಡುತ್ತಿದ್ದ ಜನರಿದ್ದರು. ಆ ಜಗತ್ತನ್ನು ಬರೆಯುವಾಗ ಮುದುಕರನ್ನು ಮರೆಯಬೇಡಿ. ಜನನ ಬೇಗ ಇಳಿದರೆ ಮುಪ್ಪೂ ಬೇಗ ಬರುತ್ತದೆ. ನಾವು ಈಗ ನೋಡುತ್ತಿರುವ ಮುಚ್ಚಿದ ಪ್ರಾಥಮಿಕ ಶಾಲೆಗಳು, ಪಿಂಚಣಿಯ ಜಗಳಗಳು, ದುಡಿಯುವ ಕೈಗಳಿಗಾಗಿ ದೇಶದೇಶಗಳ ಪೈಪೋಟಿ ಅಲ್ಲಿ 1990ರ ದಶಕದಲ್ಲೇ ಶುರುವಾಗಿರುತ್ತವೆ.

ಮಾ ಯಿನ್‌ಚು ದೀರ್ಘಕಾಲ ಬದುಕಿದರು. 1979ರಲ್ಲಿ ಸರ್ಕಾರ ಅವರ ಮೇಲಿನ ಆಪಾದನೆಯನ್ನು ಹಿಂತೆಗೆದುಕೊಂಡಿತು, 1982ರ ಮೇನಲ್ಲಿ, ನೂರರ ಹೊಸ್ತಿಲಲ್ಲಿ ತೀರಿಕೊಂಡರು. ಅದೇ ಜುಲೈನಲ್ಲಿ ನಡೆದ ಜನಗಣತಿಯಲ್ಲಿ ಚೀನಾ ಮೊದಲ ಬಾರಿಗೆ 100 ಕೋಟಿ ದಾಟಿದ್ದು ಕಂಡಿತು. ನಿಮ್ಮ ಕಾದಂಬರಿಯ ಮೊದಲ ಅಧ್ಯಾಯಕ್ಕೆ 1957ರ ಆ ಸಭಾಂಗಣ ಸಾಕು. ಅವರು ಮಾತು ಮುಗಿಸಿ ಕುಳಿತಾಗ ಎದುರಿಗಿದ್ದವರಲ್ಲಿ ಯಾರು ಎದ್ದು ನಿಂತು ಅವರ ಪರವಾಗಿ ಮಾತಾಡಿದರು ಎಂಬಲ್ಲಿಂದ ಶುರು ಮಾಡಿ.